ನೋಡದ ಲಗ್ನಪತ್ರಿಕೆ, ಆರು ತಗ್ಗಿನ ಬಾಟಲಿ

ಸರಕಾರ ನನಗೆ ಮೂರು ದಶಕ ಸಂಬಳ ಕೊಟ್ಟದ್ದು ಬಾಟಲಿ ನೋಡುವುದಕ್ಕೆ. ತುಂಬಿದ ಬಾಟಲಿಯಲ್ಲ, ಖಾಲಿ ಬಾಟಲಿ. ಅದರಲ್ಲೂ ಬಹುಪಾಲು ಕಾಗದದ ಮೇಲೆ ಬರೆದ ಬಾಟಲಿ. ನಾನು ಹೆಣ್ಣು ನೋಡಲು ಹೋದಾಗ ಹುಡುಗಿಯ ತಂದೆ, "ಏನ್ ಕೆಲಸಾ ಮಾಡ್ತೀರಿ?" ಎಂದು ಕೇಳಿದರು. "ಪ್ಲಾಸ್ಟಿಕ್ ಬಾಟ್ಲಿ ಪರೀಕ್ಷಾ ಮಾಡ್ತೀನ್ರಿ" ಎಂದೆ. ಅವರು, "ಪರ್ಮನೆಂಟ್ ಐತೇನ್ರಿ?" ಎಂದರು. ಐತಿ ಎಂದ ಮೇಲೆ ಒಳಗಿನಿಂದ ಉಪ್ಪಿಟ್ಟು ಬಂತು.

ಪೇಟೆಂಟ್ ಕಚೇರಿಗೆ ಹೊಸದಾಗಿ ಸೇರುತ್ತಿರುವ ಹುಡುಗ ಹುಡುಗಿಯರಿಗೆ ನನ್ನ ಬಡ್ತಿಗಳ ವೃತ್ತಾಂತ ಬೇಕಿಲ್ಲ. ಅವು ನನ್ನ ತಲೆಗೂದಲು ಉದುರಿದ ಹಾಗೆ, ನನ್ನ ಯಾವ ಪ್ರಯತ್ನವೂ ಇಲ್ಲದೆ ತಾವಾಗಿ ಆದವು. ಹೇಳಬೇಕಾದದ್ದು ಬೇರೆ ಇದೆ. ಹೊರಗಿನವರಿಗೆ ಈ ಕೆಲಸ ಧೂಳು, ಕಾಗದ, ಕನ್ನಡಕ ಎಂದು ಕಾಣುತ್ತದೆ. ಖರೇ ಹೇಳುತ್ತೇನೆ, ನನ್ನ ಎದೆ ಅಷ್ಟು ಜೋರಾಗಿ ಬಡಿದದ್ದು ನನ್ನ ಮದುವೆಯಲ್ಲೂ ಅಲ್ಲ, ಬೇರೆ ಯಾರದೋ ಮದುವೆಯ ಪತ್ರಿಕೆ ಹುಡುಕುವಾಗ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಒಬ್ಬ ಮನುಷ್ಯ ಒಂದು ಹೊಸ ವಸ್ತು ಮಾಡುತ್ತಾನೆ. ಇದನ್ನು ಮೊದಲು ಮಾಡಿದವನು ನಾನು, ಇಷ್ಟು ವರ್ಷ ನನ್ನ ಅಪ್ಪಣೆ ಇಲ್ಲದೆ ಬೇರೆಯವರು ಮಾಡಬಾರದು ಎಂದು ಸರಕಾರಕ್ಕೆ ಅರ್ಜಿ ಹಾಕುತ್ತಾನೆ. ಅದು ನಿಜವಾಗಿ ಹೊಸದೋ, ಅಥವಾ ಅರ್ಜಿಯ ತಾರೀಖಿಗಿಂತ ಮುಂಚೆ ಎಲ್ಲಿಯಾದರೂ ಅಚ್ಚಾಗಿ ಹೊರಬಂದಿದೆಯೋ ಎಂದು ಹುಡುಕುವವನು ಪರೀಕ್ಷಕ. ಮುಂಚೆ ಅಚ್ಚಾಗಿದ್ದರೆ ಅರ್ಜಿ ಬಿತ್ತು. ಅಚ್ಚು ಹಾಕಿಸಿದವನು ಅರ್ಜಿದಾರನೇ ಆಗಿದ್ದರೂ ಬಿತ್ತು. ಈ ಕೊನೆಯ ಮಾತು ಎಷ್ಟೋ ಜನರಿಗೆ ಅನ್ಯಾಯವಾಗಿ ಕಾಣುತ್ತದೆ. ನನಗೂ ಕಂಡಿದೆ. ಆದರೆ ಕಾಯಿದೆ ನನ್ನನ್ನು ಕೇಳಿ ಬರೆದದ್ದಲ್ಲ.

ಈಗ ನೀವು ಯಂತ್ರದ ಮುಂದೆ ಕೂತು ಹುಡುಕುತ್ತೀರಿ. ಎಪ್ಪತ್ತರ ದಶಕದ ನಡುವೆ ನಾನು ಮುಂಬಯಿ ಕಚೇರಿಗೆ ಸೇರಿದಾಗ ಹುಡುಕುವುದೆಂದರೆ ಏಣಿ ಹತ್ತುವುದು. ಗೋಡೆಯುದ್ದ ಪರದೇಶದ ಪೇಟೆಂಟುಗಳ ದಪ್ಪ ಸಂಪುಟಗಳು. ಪಕ್ಕದಲ್ಲಿ ಚೀಟಿಗಳ ಡಬ್ಬಿಗಳು. "ಬಾಟಲಿ, ತಳ", "ಬಾಟಲಿ, ಕುತ್ತಿಗೆ", "ಬಾಟಲಿ, ಪಕ್ಕೆ" ಎಂದು ಮೇಲೆ ಬರೆದಿರುತ್ತಿದ್ದರು, ಆಸ್ಪತ್ರೆಯ ಹಾಗೆ. ಒಂದು ಪಕ್ಕೆ ಹುಡುಕಲು ಮೂರು ದಿನ, ನಲವತ್ತು ಸೀನು.

ನಮ್ಮ ವಿಭಾಗದ ಹಿರಿಯರು ಕುಲಕರ್ಣಿ ಸಾಹೇಬರು. ಧಾರವಾಡದವರು. ಕೈಯಲ್ಲಿ ಒಂದು ಭೂತಗನ್ನಡಿ, ಜೇಬಿನಲ್ಲಿ ಹಸಿರು ಶಾಯಿಯ ಪೆನ್ನು. ಊಟದ ಡಬ್ಬಿ ತೆರೆದಾಗಲೂ ಪಲ್ಯವನ್ನು ಭೂತಗನ್ನಡಿಯಲ್ಲಿ ನೋಡಿ ಉಣ್ಣುತ್ತಾರೆ ಎಂದು ಕಚೇರಿಯಲ್ಲಿ ವದಂತಿ ಇತ್ತು. ನಾನು ಕಣ್ಣಾರೆ ನೋಡಿಲ್ಲ, ಆದ್ದರಿಂದ ಅದನ್ನು ವದಂತಿ ಎಂದೇ ಬರೆಯುತ್ತಿದ್ದೇನೆ.

ನನ್ನ ಮೊದಲ ವರ್ಷದ ಮಾತು. ಮೈತುಂಬ ಉದ್ದುದ್ದ ಏಣುಗಳು, ಎಂದರೆ ಉಬ್ಬು ಪಟ್ಟೆಗಳು, ಇದ್ದ ಒಂದು ಬಾಟಲಿಯ ಅರ್ಜಿ ಬಂತು. ಏಣುಗಳು ಬರೀ ಅಂದಕ್ಕಾಗಿ ಇವೆ, ಬಾಟಲಿಗೆ ಯಾವ ಬಲವನ್ನೂ ಕೊಡುವುದಿಲ್ಲ ಎಂದು ನಾನು ಗಂಭೀರವಾಗಿ ಆಕ್ಷೇಪ ಬರೆದೆ. ಸಾಹೇಬರು ಓದಿ, ಅರ್ಜಿದಾರ ಕಳಿಸಿದ್ದ ನಮೂನೆ ಬಾಟಲಿಯನ್ನೂ ಅದೇ ಅಳತೆಯ ಒಂದು ನುಣುಪು ಬಾಟಲಿಯನ್ನೂ ನೆಲದ ಮೇಲೆ ನಿಲ್ಲಿಸಿದರು.

"ಕುಂದರ್ರಿ" ಎಂದರು.

"ಎಲ್ರಿ?"

"ಬಾಟ್ಲಿ ಮ್ಯಾಲ."

ನುಣುಪು ಬಾಟಲಿ ನನ್ನ ಭಾರಕ್ಕೆ ಚಪ್ಪಟೆಯಾಗಿ, ನಾನು ನೆಲಕ್ಕೆ ಬಂದೆ. ಏಣಿನ ಬಾಟಲಿ ಕಿರ್ರೆಂದು ಗೊಣಗಿ ನನ್ನನ್ನು ಹೊತ್ತುಕೊಂಡಿತು. ಇಡೀ ವಿಭಾಗ ಎದ್ದು ನಿಂತು ನೋಡುತ್ತಿತ್ತು. "ಈಗ ಹೇಳ್ರಿ, ಅಂದಕ್ಕ ಅವ ಏನು?" ಎಂದರು ಸಾಹೇಬರು. ಬಾಟಲಿಯ ಮೈಮೇಲಿನ ಯಾವ ಗೆರೆ ಶೃಂಗಾರಕ್ಕೆ, ಯಾವ ಗೆರೆ ದುಡಿಮೆಗೆ ಎಂಬ ನನ್ನ ಉನ್ನತ ಶಿಕ್ಷಣ ಆ ದಿನ, ದೇಹದ ಆ ಭಾಗದಿಂದ ಆರಂಭವಾಯಿತು.

ಇಷ್ಟು ಕಲಿತ ಮೇಲೂ ಎಂಬತ್ತರ ದಶಕದ ಆರಂಭದಲ್ಲಿ ನಾನು ಮಾಡಿದ ತಪ್ಪು ದೊಡ್ಡದು. ಅದನ್ನು ವಿವರವಾಗಿ ಹೇಳುತ್ತೇನೆ.

ಒಂದು ಬೆಳಿಗ್ಗೆ ಮೇಜಿನ ಮೇಲೆ ಒಂದು ಅರ್ಜಿ. ಅರ್ಜಿದಾರ ಶಿವಪುತ್ರಪ್ಪ, ಬೆಳಗಾವಿ ಉದ್ಯಮಬಾಗದ ಒಂದು ಸಣ್ಣ ಕಾರಖಾನೆಯವರು. ನನ್ನ ಮನೆಯೂ ಬೆಳಗಾವಿಯ ಶಹಾಪುರದಲ್ಲಿ. ಊರಿನ ಹೆಸರು ನೋಡಿ ಎದೆ ಉಬ್ಬಿತು, ಮರುಕ್ಷಣ ಹೆದರಿಕೆಯಾಯಿತು. ಫೈಲು ಹಿಡಿದು ಸಾಹೇಬರ ಹತ್ತಿರ ಓಡಿದೆ.

"ನಮ್ಮೂರವರ ಅರ್ಜಿ ಐತ್ರಿ. ಬ್ಯಾರೇದವರಿಗೆ ಕೊಡ್ರಿ."

"ಅವರ ಪರಿಚಯ ಅದ ಏನು ನಿಮಗ?"

"ಇಲ್ರಿ."

"ಮತ್ತ ಊರಿನ ಮ್ಯಾಲ ಯಾಕ ಸಿಟ್ಟು? ನೋಡ್ರಿ ಹೋಗ್ರಿ."

ಅರ್ಜಿಯನ್ನು ಓದಿದೆ. ಖಾನಾಪುರದಲ್ಲಿ ರುಕ್ಮಾಬಾಯಿ ಎಂಬವರು ಕೋಕಂ ಶರಬತ್ತು ಮಾಡಿ ಮಾರುತ್ತಿದ್ದರು. ಗುಂಜಿ ಕಡೆಯ ಕಾಡಂಚಿನಿಂದ ಬಂದ ಹಣ್ಣನ್ನು ಕುದಿಸಿ, ಕೆಡದಿರಲೆಂದು ಬಿಸಿಬಿಸಿಯಾಗಿಯೇ ಬಾಟಲಿಗೆ ತುಂಬಬೇಕು. ಗಾಜಿನದು ಬಸ್ಸಿನ ಕುಲುಕಾಟಕ್ಕೆ ಒಡೆಯುತ್ತದೆ. ಪ್ಲಾಸ್ಟಿಕ್ಕಿಗೆ ತುಂಬಿದರೆ ಬೇರೆ ಗ್ರಹಚಾರ: ಶರಬತ್ತು ಆರಿದಂತೆ ಒಳಗೆ ಕುಗ್ಗಿ ಬಾಟಲಿಯನ್ನು ಒಳಕ್ಕೆ ಎಳೆಯುತ್ತದೆ. ಹಲ್ಲಿಲ್ಲದ ಮುದುಕನ ಗಲ್ಲದ ಹಾಗೆ ಎಲ್ಲೆಂದರಲ್ಲಿ ಗುಳಿ ಬಿದ್ದು, ಸೊಟ್ಟಗಾಗಿ, ನಿಲ್ಲಿಸಿದರೆ ಮಗುಚುತ್ತದೆ.

ಇದಕ್ಕೆ ಶಿವಪುತ್ರಪ್ಪ ಮಾಡಿದ ಉಪಾಯ ಓದಿ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಅವರು ಬಾಟಲಿಯ ಜೊತೆ ಜಗಳಕ್ಕೆ ಇಳಿದಿರಲಿಲ್ಲ. ಪ್ಲಾಸ್ಟಿಕ್ಕನ್ನು ದಪ್ಪ ಮಾಡಿರಲಿಲ್ಲ. ಸುತ್ತ ಆರು ಉದ್ದನೆಯ ತಗ್ಗುಗಳನ್ನು ತಾವೇ ಮೊದಲು ಮಾಡಿ ಇಟ್ಟಿದ್ದರು. ತಗ್ಗಿನ ಗೋಡೆ ತೆಳ್ಳಗೆ, ನಡುವಿನ ಕಂಬಗಳು ಗಟ್ಟಿ. ಶರಬತ್ತು ಎಳೆದಾಗ ಆರೂ ತಗ್ಗು ಒಟ್ಟಿಗೆ ಇನ್ನೊಂದಿಷ್ಟು ಒಳಗೆ ಸರಿಯುತ್ತವೆ, ಕಂಬಗಳು ಅಲ್ಲಾಡದೆ ನಿಲ್ಲುತ್ತವೆ. ಕುಸಿಯುವುದು ನಿನ್ನ ಸ್ವಭಾವವಾದರೆ ಕುಸಿ, ಆದರೆ ನಾನು ಹೇಳಿದ ಜಾಗದಲ್ಲಿ ಕುಸಿ ಎಂಬುದು ಆ ಅರ್ಜಿಯ ತಾತ್ಪರ್ಯ.

ಎರಡು ವಾರ ಏಣಿ ಹತ್ತಿ ಇಳಿದೆ. ಪಕ್ಕೆಯ ಡಬ್ಬಿ, ತಳದ ಡಬ್ಬಿ, ತಪ್ಪಿ ಬೇರೆಡೆ ಸೇರಿರಬಹುದೆಂದು ಕುತ್ತಿಗೆಯ ಡಬ್ಬಿ, ಎಲ್ಲ ಜಾಲಾಡಿದೆ. ನಮ್ಮಲ್ಲಿದ್ದ ಯಾವ ಸಂಪುಟದಲ್ಲೂ ಇದು ಇರಲಿಲ್ಲ! ಪ್ರತಿ ಡಬ್ಬಿ ಮುಗಿದಾಗಲೂ ಒಳಗೊಳಗೇ ಕುಣಿಯುತ್ತಿದ್ದೆ. ಹುಡುಕಿದ್ದು ಸಿಗದಿದ್ದರೆ ಹುಡುಕುವವನು ಸಂತೋಷಪಡುವ ಕೆಲಸ ಇದೊಂದೇ ಇರಬೇಕು.

ಅರ್ಜಿಯ ಜೊತೆ ಒಂದು ಪತ್ರದ ಪ್ರತಿಯನ್ನೂ ಅವರು ಲಗತ್ತಿಸಿದ್ದರು. ಒಂದು ದೊಡ್ಡ ಕಂಪನಿ ಅವರಿಗೆ ಬರೆದದ್ದು. ಪೇಟೆಂಟ್ ಸಿಕ್ಕರೆ ನಿಮ್ಮ ಒಪ್ಪಿಗೆ ಪಡೆದು ಈ ಬಾಟಲಿ ಮಾಡುತ್ತೇವೆ, ಸಿಗದಿದ್ದರೆ ಒಪ್ಪಿಗೆಯ ಪ್ರಶ್ನೆ ಏಳುವುದಿಲ್ಲ ಎಂದು ಅದರಲ್ಲಿತ್ತು. ಬಹಳ ಸಭ್ಯ ಭಾಷೆ. ಸಭ್ಯ ಭಾಷೆಯನ್ನು ಬಿಚ್ಚಿದರೆ, ನಾವು ಕಾಯುತ್ತಾ ಕೂತಿದ್ದೇವೆ ಎಂದರ್ಥ.

ಅಷ್ಟರಲ್ಲಿ ದೀಪಾವಳಿ ಬಂತು. ಮಿರಜಿನಲ್ಲಿ ಗಾಡಿ ಬದಲಿಸಿ, ಸಣ್ಣ ಹಳಿಯ ಗಾಡಿಯಲ್ಲಿ ಕುಲುಕುತ್ತಾ ಬೆಳಗಾವಿಗೆ ಬಂದು, ಮಾರನೆಯ ದಿನ ಖಾನಾಪುರದ ಅಕ್ಕ ಗಂಗವ್ವನ ಮನೆಗೆ ಹೋದೆ. ಅಕ್ಕ ಕರಜಿಕಾಯಿ ಮುಂದಿಟ್ಟು ಊರ ವರದಿ ಶುರು ಮಾಡಿದಳು.

"ವೈಶಾಖದಾಗ ನಮ್ಮ ಓಣ್ಯಾಗ ಒಂದು ಲಗ್ನ ಆತಪಾ ತಮ್ಮಾ. ಸೊಸಿ ಬೆಳಗಾಂವಿ ಕಾರಖಾನಿ ಶಿವಪುತ್ರಪ್ಪನ ಮಗಳು. ಅವರ ಲಗ್ನಪತ್ರಿಕಿ ನೀ ನೋಡಬೇಕಿತ್ತು."

"ಯಾಕ, ಏನಿತ್ತು?"

"ಮ್ಯಾಲ ಬಸವಣ್ಣ, ಕೆಳಗ ಬಾಟ್ಲಿ!"

"ಎಂಥಾ ಬಾಟ್ಲಿ?"

"ಅವರ ಕಾರಖಾನ್ಯಾಗ ಹೊಸಾದು ಮಾಡ್ಯಾರಂತ. ಆ ಖುಷಿಗೆ ಹಾಕಸ್ಯಾರ. ಬೀಗರ ಕಡಿ ಮಂದಿ, 'ಊಟದ ಜೋಡಿ ಇದನ್ನೂ ಕೊಡಾವರೇನು?' ಅಂತ ನಕ್ಕಿದ್ದ ನಕ್ಕಿದ್ದು!"

ಅಕ್ಕ ನಗುತ್ತಿದ್ದಳು. ನನ್ನ ಬಾಯಲ್ಲಿದ್ದ ಕರಜಿಕಾಯಿ ಅಲ್ಲೇ ನಿಂತಿತು. ಮದುವೆ ವೈಶಾಖದಲ್ಲಿ. ಅರ್ಜಿ ಕಚೇರಿಗೆ ಬಂದದ್ದು ಶ್ರಾವಣದಲ್ಲಿ. ಅಂದರೆ ಅರ್ಜಿಗಿಂತ ಮುಂಚೆ ಬಾಟಲಿಯ ಚಿತ್ರ ಅಚ್ಚಾಗಿ, ಅರಿಸಿಣ ಕುಂಕುಮ ಹಚ್ಚಿಕೊಂಡು ಮನೆಮನೆಗೂ ಹೋಗಿಬಂದಿದೆ!

"ಆ ಪತ್ರಿಕಿ ಎಲ್ಲೈತಿ?"

"ಅದನ್ನ ಯಾರ ಇಟ್ಕೊಂಡು ಕುಂದರ್ತಾರೋ? ಅಕ್ಕಿಕಾಳ ಹಾಕಿ ಬಂದ್ವಿ, ಮುಗೀತು. ಒಲಿ ಹಚ್ಚೀನಿ."

ಮುಂಬಯಿಗೆ ಹಿಂತಿರುಗುವಾಗ ದಾರಿಯುದ್ದಕ್ಕೂ ನಿದ್ದೆ ಇಲ್ಲ. ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಆದರೆ ನಮ್ಮೂರವನೆಂದು ಬಿಟ್ಟ ಎಂದು ನಾಳೆ ಯಾರಾದರೂ ಅಂದರೆ? ಆ ಹೆದರಿಕೆಯಲ್ಲಿ ನಾನು ಬೇಕಾದ್ದಕ್ಕಿಂತ ಒಂದು ಮೊಳ ಹೆಚ್ಚೇ ನ್ಯಾಯವಂತನಾದೆ. ಪರೀಕ್ಷಾ ವರದಿಯಲ್ಲಿ ಬರೆದೆ: ಅರ್ಜಿದಾರರ ಮಗಳ ಲಗ್ನಪತ್ರಿಕೆಯಲ್ಲಿ ಈ ಬಾಟಲಿ ಮೊದಲೇ ಪ್ರಕಟವಾಗಿದೆ, ಆದ್ದರಿಂದ ಹೊಸದಲ್ಲ.

ಕುಲಕರ್ಣಿ ಸಾಹೇಬರು ಎರಡು ಸಲ ಓದಿದರು. ಅವರ ಸೇವೆಯಲ್ಲಿ ಲಗ್ನಪತ್ರಿಕೆಯನ್ನು ಯಾರೂ ಉಲ್ಲೇಖಿಸಿರಲಿಲ್ಲ. "ಪತ್ರಿಕಿ ನೋಡೀರೇನು?" ಎಂದು ಕೇಳಿದರು. ನಾನು ತಲೆ ಅಲ್ಲಾಡಿಸಿದೆ. ಅಡ್ಡಡ್ಡ ಅಲ್ಲ, ಉದ್ದುದ್ದ. ವರದಿ ಅಂಚೆಗೆ ಹೋಯಿತು.

ತಿಂಗಳುಗಳು ಕಳೆದವು. ಶಿವಪುತ್ರಪ್ಪನವರಿಂದ ಉತ್ತರವಿಲ್ಲ. ನಿಗದಿತ ಅವಧಿಯೊಳಗೆ ಆಕ್ಷೇಪ ತೀರದಿದ್ದರೆ ಅರ್ಜಿ ತಾನಾಗಿ ಸತ್ತುಹೋಗುತ್ತದೆ. ಅದು ಸಾಯುವುದಕ್ಕೆ ಇನ್ನು ಕೆಲವೇ ವಾರ ಇರುವಾಗ ಸಾಹೇಬರು ಫೈಲು ತರಿಸಿ ತಿರುವಿಹಾಕಿದರು.

"ಉಲ್ಲೇಖ ಮಾಡಿದ ಕಾಗದದ ಪ್ರತಿ ಎಲ್ಲದ?"

"ಊರಾಗ ಐತ್ರಿ."

"ಕಾಗದ ಊರಾಗ ಅದ, ಫೈಲು ಇಲ್ಲಿ ಅದ. ಇವೆರಡರ ಲಗ್ನ ಯಾವಾಗ? ಹೋಗಿ ತರ್ರಿ."

ನನ್ನ ಸ್ವಂತ ರಜೆ, ಸ್ವಂತ ಟಿಕೀಟು. ಸರಕಾರದ ಇತಿಹಾಸದಲ್ಲಿ ಇಷ್ಟು ಉತ್ಸಾಹದ ಶೋಧ ನಡೆದಿರಲಾರದು. ಖಾನಾಪುರದ ಅಕ್ಕನ ಓಣಿಯಿಂದ ಆರಂಭಿಸಿದೆ. ಮೊದಲ ಮನೆಯಲ್ಲಿ ಪತ್ರಿಕೆ ಹಾಲಿನ ಪಾತ್ರೆಯ ಮುಚ್ಚಳವಾಗಿ, ಹಾಲಿನೊಂದಿಗೆ ಉಕ್ಕಿ ಹೋಗಿತ್ತು. ದರ್ಜಿಯೊಬ್ಬ ಅದನ್ನು ಅಂಗಿಯ ಕಾಲರಿನ ಅಳತೆಗೆ ಕತ್ತರಿಸಿದ್ದ. ಬಸವಣ್ಣನ ಭಾಗವನ್ನು ಭಕ್ತಿಯಿಂದ ಗೋಡೆಗೆ ಅಂಟಿಸಿದ್ದ, ಬಾಟಲಿಯ ಭಾಗ ಎಲ್ಲಿ ಹೋಯಿತೆಂದು ಅವನಿಗೇ ತಿಳಿಯದು. ಶಾಲೆಯ ಮಾಸ್ತರರು ಇಟ್ಟಿದ್ದರು, ಇಲಿಗಳು ತಮಗೆ ಆಮಂತ್ರಣವೆಂದು ತಿಳಿದಿದ್ದವು.

ಕೊನೆಗೆ ಶರಬತ್ತಿನ ರುಕ್ಮಾಬಾಯಿಯವರ ಮನೆ. ಅವರು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು.

"ಲಗ್ನ ಆಗಿ ವರ್ಸ ಆಗಾಕ ಬಂತ್ರಿ. ಈಗ ಪತ್ರಿಕಿ ಹುಡುಕ್ಕೊಂತ ಬಂದೀರಿ. ಊಟಾ ತಪ್ಪಿತೇನ್ ನಿಮಗ?"

"ಊಟಕ್ಕಲ್ರೀ ಬಾಯಾರ. ಆ ಬಾಟ್ಲಿ ಚಿತ್ರ ನೋಡಬೇಕಾಗೇತಿ."

ಅವರು ಒಳಗೆ ಹೋಗಿ, ಸುರುಳಿ ಸುತ್ತಿದ ಒಂದು ಕಾಗದ ತಂದರು. ಶರಬತ್ತು ಸುರಿಯುವ ಆಲಿಕೆ. ಬಿಚ್ಚಿದೆ. ಕಡುಗೆಂಪು ಬಿಟ್ಟು ಬೇರೇನೂ ಕಾಣಲಿಲ್ಲ.

"ಇಲ್ಲೆ ಇತ್ತ ನೋಡ್ರಿ" ಎಂದು ಬೆರಳಿಟ್ಟರು. "ನಿಮ್ಮ ಬಾಟ್ಲಿ ನನ್ನ ಶರಬತ್ತಿನ್ಯಾಗ ಮುಳಗೇತಿ. ಬೆಳಗಾಂವಿ ಖಡೇಬಜಾರದಾಗ ಮಾರುತಿರಾವನ ಛಾಪಖಾನ್ಯಾಗ ಕೇಳ್ರಿ. ಅವಾ ತಾ ಛಾಪಿಸಿದ್ದು ಎಲ್ಲಾದರದೂ ಒಂದೊಂದು ನಮೂನಿ ಪುಸ್ತಕಕ್ಕ ಹಚ್ಚಿ ಇಟ್ಟಿರ್ತಾನ."

ಮುಂದಿನ ಬಸ್ಸಿಗೆ ಓಡಿದ ಓಟವನ್ನು ನೋಡಿ ಖಾನಾಪುರದ ನಾಯಿಗಳೂ ಸ್ವಲ್ಪ ದೂರ ಜೊತೆಗೆ ಬಂದವು.

ಛಾಪಖಾನೆಯಲ್ಲಿ ನನಗಿಂತ ಮೊದಲೇ ಒಬ್ಬರು ಬಂದು ಕೂತಿದ್ದರು. ಎತ್ತರದ ಆಳು, ಹಣೆಗೆ ವಿಭೂತಿ, ಉಗುರುಗಳಲ್ಲಿ ಯಂತ್ರದ ಎಣ್ಣೆಯ ಕಪ್ಪು. ತೊಡೆಯ ಮೇಲೆ ನಮೂನೆ ಪುಸ್ತಕ. ಒಂದು ಪುಟದ ಮೇಲೆ ಅಂಗೈ ಊರಿ ಹಿಡಿದಿದ್ದರು. ಮಾರುತಿರಾವ್ ಎದುರು ನಿಂತು ಕೂಗಾಡುತ್ತಿದ್ದರು.

"ಶಿವಪುತ್ರಪ್ಪಣ್ಣಾ, ಹಾಳಿ ಕಿತ್ಕೊಂಡು ಹೊಕ್ಕೀನಿ ಅಂದ್ರ ಹ್ಯಾಂಗ? ಗಿರಾಕಿ ಬಂದ್ರ ಏನ್ ತೋರಸ್ಲಿ ನಾ?"

"ಬ್ಯಾರೇದು ಹಚ್ಚೋ. ಇದೊಂದು ನನಗ ಬಿಡು."

ನನ್ನ ಬಾಯಿಂದ ಮಾತು ಹೊರಟೇಹೋಯಿತು. "ಅದು ನನಗ ಬೇಕ್ರಿ."

ಇಬ್ಬರೂ ತಿರುಗಿದರು. "ನೀವ್ಯಾರ್ರಿ?" ಎಂದರು ಶಿವಪುತ್ರಪ್ಪ.

"ಮುಂಬಯಿ ಪೇಟೆಂಟ್ ಆಫೀಸಿನ್ಯಾಗ ಇರ್ತೀನ್ರಿ. ಆಕ್ಷೇಪ ಬರದಾಂವ ನಾನ."

ಅಚ್ಚಿನ ಯಂತ್ರ ತುಳಿಯುತ್ತಿದ್ದ ಆಳೂ ಕಾಲು ನಿಲ್ಲಿಸಿದ. ಶಿವಪುತ್ರಪ್ಪ ನನ್ನನ್ನೇ ನೋಡುತ್ತಿದ್ದರು. ಬೈಯುತ್ತಾರೆಂದು ನಾನು ಸಿದ್ಧನಾಗಿದ್ದೆ. ಅವರು ಬೈಯಲಿಲ್ಲ.

"ಸುಳ್ಳ ಯಾಕ ಹೇಳ್ಲಿರೀ ಸಾಹೇಬ್ರ. ಇದನ್ನ ಹರದು ಒಲ್ಯಾಗ ಹಾಕಾಕ ಬಂದಿದ್ದೆ. ನಾಲ್ಕು ವರ್ಸ ಸುಟ್ಟ ಪ್ಲಾಸ್ಟಿಕ್ಕಿನ ಹೊಗಿ ಕುಡದು ಮಾಡಿದ ಬಾಟ್ಲಿ. ಮಗಳ ಲಗ್ನದ ಖುಷಿಯೊಳಗ ಒಂದು ಚಿತ್ರ ಹಾಕಸಿದೆ. ನಿಮಗ ಏನಂತ ಉತ್ತರಾ ಬರೀಲಿ? ಆ ಕಂಪನಿಯವರು ತುದಿಗಾಲ ಮ್ಯಾಲ ನಿಂತಾರ. ಇದೊಂದು ಹಾಳಿ ಇರಲಿಲ್ಲಂದ್ರ..." ಅವರು ಮಾತು ಮುಗಿಸದೆ ಅಂಗೈ ಎತ್ತಿದರು. "ನೀವ ಬಂದ್ರಿ. ತಗೋರ್ರಿ."

ಪುಸ್ತಕವನ್ನು ಬಾಗಿಲ ಬೆಳಕಿಗೆ ಒಯ್ದೆ. ಮೇಲೆ ಬಸವಣ್ಣ. ಕೆಳಗೆ ಬಾಟಲಿ. ಅದರ ಕೆಳಗೆ "ಹೊಸ ನಮೂನೆಯ ಬಾಟಲಿ ತಯಾರಕರು" ಎಂದು ಒಂದು ಸಾಲು, ಮತ್ತೇನೂ ಇಲ್ಲ. ಚಿತ್ರವನ್ನು ನೋಡಿದೆ. ಕನ್ನಡಕ ತೆಗೆದು ನೋಡಿದೆ. ಸಾಹೇಬರಿಂದ ಕಡ ತಂದಿದ್ದ ಭೂತಗನ್ನಡಿ ಹಿಡಿದು ನೋಡಿದೆ.

"ಇದರಾಗ ತಗ್ಗು ಎಲ್ಲದಾವ್ರಿ?"

"ಇಲ್ಲೇ ಅದಾವಲ್ಲ" ಎಂದು ಶಿವಪುತ್ರಪ್ಪ ಬಂದು ಬೆರಳಿಟ್ಟರು. ಬೆರಳಿಟ್ಟ ಜಾಗ ನುಣ್ಣಗಿತ್ತು. ಬೆರಳು ಸರಿಸಿದರು. ಅಲ್ಲೂ ನುಣ್ಣಗಿತ್ತು. ಚಿತ್ರದ ಬಾಟಲಿ ಎಣ್ಣೆ ಹಚ್ಚಿದ ಕೂಸಿನ ಹಾಗೆ ಗುಂಡಗೆ, ಎಲ್ಲೂ ಒಂದು ತಗ್ಗಿಲ್ಲದೆ ನಿಂತಿತ್ತು.

"ಎಲಾ ಇವನ! ಸಾವಿರ ಸಲ ನೋಡೇನಲ್ರಿ ಈ ಪತ್ರಿಕಿ! ದಿನಾ ಬಾಟ್ಲಿ ಎರಕದ ಡೈ ಉಜ್ಜಿ ಉಜ್ಜಿ ಆ ತಗ್ಗು ನನ್ನ ಕಣ್ಣಾಗ ಕುಂತುಬಿಟ್ಟಾವು. ಹಂಗಾಗಿ ಇಲ್ಲೂ ಕಂಡಾವು."

ಮಾರುತಿರಾವ್ ಮುಖ ಸಿಂಡರಿಸಿದರು. "ತಗ್ಗು ನಾನ ಬಿಟ್ಟೇನಿ. ಶುಭಕಾರ್ಯದ ಪತ್ರಿಕಿ ಮ್ಯಾಲ ಯಾರರ ನೆಗ್ಗಿದ ಭಾಂಡೆ ಹಾಕ್ತಾರೇನ್ರಿ? ಆಯೇರಿಗೆ ನೆಗ್ಗಿದ ತಂಬಗಿ ಕೊಟ್ರ ಬೀಗರು ಹೊಳ್ಳಿ ಒಗೀತಾರು. ಹುಡುಗಿ ಬಾಳೇದ ಪ್ರಶ್ನೆ. ಅದಕ್ಕ ಎಲ್ಲಾ ತುಂಬಿಸಿ, ಚೆಂದಗ ಗುಂಡಗ ಮಾಡಿ ಬ್ಲಾಕು ಕೊರದೆ."

"ನನ್ನ ಒಂದು ಮಾತು ಕೇಳಬೇಕಿಲ್ಲೇನೋ?"

"ಕೇಳಿದ್ರ ಬ್ಯಾಡ ಅಂತಿದ್ದಿ."

ಶಿವಪುತ್ರಪ್ಪ ಆ ಮುದ್ರಕನನ್ನು ಹೊಡೆಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯದೆ, ಹತ್ತಿರವಿದ್ದ ಅಚ್ಚಿನ ಯಂತ್ರವನ್ನು ಅಪ್ಪಿಕೊಂಡರು. ಬಿಳಿ ಅಂಗಿಗೆಲ್ಲ ಶಾಯಿ. ತಗ್ಗಿಲ್ಲದ ಚಿತ್ರ ತಗ್ಗನ್ನು ಬಯಲು ಮಾಡಲಾರದು. ಅವರ ಬಾಟಲಿ ಇನ್ನೂ ಹೊಸದು! ಒಲೆಗೆ ಹಾಕಲು ಹೊರಟಿದ್ದ ಹಾಳೆಯೇ ಅವರ ಏಕೈಕ ಸಾಕ್ಷಿ. ಬರೇ ಅಕ್ಕನ ಮಾತು, ನನ್ನ ವರದಿ ಉಳಿದಿದ್ದರೆ, ಅವಧಿ ತೀರಿ ಎಲ್ಲ ಮುಗಿದಿರುತ್ತಿತ್ತು.

ಆಗ ನಾನು ಹೇಳಲೇಬೇಕಾಯಿತು. "ಶಿವಪುತ್ರಪ್ಪನವರ, ನಾ ಈ ಪತ್ರಿಕಿ ನೋಡಿರಲಿಲ್ರಿ. ನೋಡದನ ಬರದೆ."

ಅವರ ನಗು ನಿಂತಿತು. "ನೋಡದನ ಬರದ್ರೀ?"

"ಹೌದ್ರಿ."

"ಆರು ತಿಂಗಳಾತು, ನಾ ಹೊಟ್ಟಿತುಂಬ ಉಂಡಿಲ್ಲ." ಅಷ್ಟೇ ಅಂದರು. ಕಡೆಗೆ ಅವರೇ, "ಹೋಗ್ಲಿ ಬಿಡ್ರಿ. ನಾ ನೋಡಿನೂ ನೋಡಿರಲಿಲ್ಲ" ಎಂದು ಚಹಾ ಹೇಳಿದರು. ಅರ್ಜಿದಾರರ ಚಹಾ ಕುಡಿಯುವುದು ನಿಷಿದ್ಧ. ಮುದ್ರಕರ ಚಹಾದ ಬಗ್ಗೆ ನಿಯಮಾವಳಿ ಮೌನವಾಗಿದೆ. ಆದ್ದರಿಂದ ಮಾರುತಿರಾವ್ ಹೇಳಿದ್ದೆಂದು ಮೂವರೂ ಒಪ್ಪಿ ಕುಡಿದೆವು. ಮಾರುತಿರಾವ್ ಆ ಹಾಳೆಯನ್ನು ಬಿಡಿಸಿ, ಇದು ತಮ್ಮಲ್ಲೇ ಅಚ್ಚಾದದ್ದೆಂದು ಹಿಂದೆ ಸಹಿ ಮಾಡಿ ನನಗೆ ಕೊಟ್ಟರು. ಶಿವಪುತ್ರಪ್ಪನವರು ಅದೇ ಸಂಜೆ ತಮ್ಮ ಉತ್ತರವನ್ನು ಬೇರೆಯಾಗಿ ಅಂಚೆಗೆ ಹಾಕಿದರು.

ಕುಲಕರ್ಣಿ ಸಾಹೇಬರ ಮುಂದೆ ಪತ್ರಿಕೆ ಇಟ್ಟು, ನಿಂತುಕೊಂಡೇ ಎಲ್ಲ ಹೇಳಿದೆ. ಅಂದು ಉದ್ದುದ್ದ ಅಲ್ಲಾಡಿಸಿದ ತಲೆ ಅಡ್ಡಡ್ಡ ಅಲ್ಲಾಡಬೇಕಿತ್ತು ಎಂದೂ ಹೇಳಿದೆ. ಅವರು ಭೂತಗನ್ನಡಿಯನ್ನು ನನ್ನಿಂದ ಇಸಿದುಕೊಂಡು ಚಿತ್ರದ ಮೇಲೆ ಬಹಳ ಹೊತ್ತು ಆಡಿಸಿದರು.

"ಈಗರೆ ನೋಡೀರೇನು?"

"ನೋಡೀನ್ರಿ."

"ಏನ್ ಕಂಡಿತು?"

"ಏನೂ ಇಲ್ರಿ."

"ಹಂಗಂತ ಬರೀರಿ. ಮೊದಲ ನೋಡಿರಲಿಲ್ಲ ಅಂತನೂ ಬರೀರಿ."

ಎರಡನ್ನೂ ಬರೆದೆ. ದಾಖಲೆಯನ್ನು ಪರೀಕ್ಷಕನು ನೋಡದೆ ಉಲ್ಲೇಖಿಸಿದ್ದನು. ಈಗ ನೋಡಲಾಗಿ, ಅರ್ಜಿಯಲ್ಲಿ ಹೇಳಿದ ತಗ್ಗುಗಳು ಅದರಲ್ಲಿ ಇಲ್ಲ. ಆಕ್ಷೇಪವನ್ನು ಹಿಂದಕ್ಕೆ ಪಡೆಯಲಾಗಿದೆ. ಕೆಳಗೆ ಸಾಹೇಬರ ಹಸಿರು ಶಾಯಿಯ ಒಪ್ಪಿಗೆ ಬಿತ್ತು. ಅವಧಿಯಲ್ಲಿ ಹನ್ನೊಂದು ದಿನ ಉಳಿದಿದ್ದವು. ಪೇಟೆಂಟ್ ಬಂದ ಮೇಲೆ ಆ ಕಂಪನಿಯವರು ತಮ್ಮ ಸಭ್ಯ ಭಾಷೆಯೊಂದಿಗೆ ಉದ್ಯಮಬಾಗಕ್ಕೆ ಬಂದು, ಶಿವಪುತ್ರಪ್ಪನವರ ಒಪ್ಪಿಗೆ ಪಡೆದೇ ಬಾಟಲಿ ಮಾಡಿದರು.

ನನ್ನ ತಪ್ಪಿನ ಸಾಲು ಬಿಟ್ಟು ಆ ಟಿಪ್ಪಣಿಯನ್ನು ಹೊಸ ಹಾಳೆಯಲ್ಲಿ ಬರೆಯಲೇ ಎಂದು ಒಮ್ಮೆ ಸಾಹೇಬರನ್ನು ಕೇಳಿದ್ದುಂಟು. ಅವರು ತಲೆ ಎತ್ತದೆ, "ಇರಲಿ" ಎಂದರು. ಹಾಗಾಗಿ ಆ ಸಾಲು ಫೈಲಿನಲ್ಲಿ ಉಳಿದಿದೆ, ಲಗ್ನಪತ್ರಿಕೆಯ ಪಕ್ಕದಲ್ಲಿ. ನಾನು ಹೇಳಿದೆನೆಂದು ನಂಬಬೇಡಿ. ಏಣಿ ಹತ್ತಿ, ಫೈಲು ಇಳಿಸಿ, ನೀವೇ ನೋಡಿ.